ಮಾತುಗಾರ್ತಿಯ ಅಪ್ಪ

ಓಣಿಯ ಮನೆಗಳ ರೊಟ್ಟಿಯನ್ನೆಲ್ಲ ಬೇಯಿಸುವ ಒಲೆಮನೆಯನ್ನು ವಹಿಸಿಕೊಂಡ ಮೂರನೆಯ ದಿನ ಹಮ್ಮಾದಿ ಮೊದಲ ಸಲ ಲಲ್ಲಾ ತಾಮುವನ್ನು ಕಂಡ. ಬೆಳಗಿನ ಒಂಬತ್ತು ಗಂಟೆ ಇರಬಹುದು. ಒಲೆಯ ಬಾಯಿ ನೆಲಮಟ್ಟದಲ್ಲಿದ್ದುದರಿಂದ ರೊಟ್ಟಿ ಹಾಕುವವನು ಅದರ ಮುಂದೆ ತೋಡಿದ ಸೊಂಟದಾಳದ ಕುಳಿಯೊಳಗೆ ಇಳಿದು ನಿಲ್ಲಬೇಕು. ಹಾಗಾಗಿ ಬಂದವರ ಮುಖಕ್ಕಿಂತ ಮೊದಲು ಅವನಿಗೆ ಕಾಣುವುದು ಪಾದ. ಅವತ್ತು ಕಂಡದ್ದು ಹಳದಿ ಚರ್ಮದ ಒಂದು ಜೊತೆ ಚಪ್ಪಲಿ. ಎಡಗಾಲಿನದರ ಅಂಚು ಕಿತ್ತುಹೋಗಿದ್ದನ್ನು ನೀಲಿ ರೇಷ್ಮೆ ದಾರದಿಂದ, ಯಂತ್ರಕ್ಕೂ ಬಾರದಷ್ಟು ಸಣ್ಣ ಹೊಲಿಗೆಯಲ್ಲಿ ಕೂಡಿಸಿದ್ದರು. ಆಮೇಲೆ ಬೂದು ನಿಲುವಂಗಿಯ ಅಂಚು. ಆಮೇಲೆ ಅವನ ಕಣ್ಣಿನ ಮಟ್ಟಕ್ಕೆ ಇಳಿದು ಬಂದ ಮರದ ಹಲಗೆ. ಹಲಗೆಯ ಮೇಲೆ ಕೆಂಪು ಗೆರೆಯ ಬಟ್ಟೆ, ಬಟ್ಟೆಯ ಕೆಳಗೆ ಹುದುಗು ಬಂದ ಹಿಟ್ಟಿನ ನಾಲ್ಕು ದುಂಡು ರೊಟ್ಟಿ.

"ಹಳೇ ಮಾಲೆಮ್ ಎಲ್ಲಿ?" ಎಂದು ಮೇಲಿನಿಂದ ದನಿ ಬಂತು. ಕಸುಬುದಾರರನ್ನು ಸೆಫ್ರೂ ಊರಿನಲ್ಲಿ ಎಲ್ಲರೂ ಮಾಲೆಮ್ ಎಂದೇ ಕರೆಯುತ್ತಾರೆ, ಹಿರಿಯ ಹೆಂಗಸರನ್ನು ಲಲ್ಲಾ ಎಂದು.

ಹಮ್ಮಾದಿ ಕೈಬೀಸಿ, ಹೋದರು ಎಂದು ಸನ್ನೆ ಮಾಡಿದ.

"ಅಯ್ಯೋ, ಸತ್ತೋದ್ರಾ?"

ಅವನು ಗಾಬರಿಯಿಂದ ತಲೆಯಾಡಿಸಿದ. "ಇಲ್ಲ. ಮಗನ ಮನೆಗೆ."

"ಹಾಗೆ ಬಾಯಿಬಿಟ್ಟು ಹೇಳಪ್ಪ. ಕೈ ಬೀಸಿದ್ರೆ ಸತ್ರೋ ಇದ್ದಾರೋ ಯಾರಿಗೆ ಗೊತ್ತಾಗ್ಬೇಕು? ನೋಡು, ನನ್ನ ರೊಟ್ಟಿ ಮೇಲೆ ಮೂರು ಚುಚ್ಚು ಇರ್ತದೆ, ಸಾಲಾಗಿ. ಪಕ್ಕದ ಮನೆ ಫದೀಲಾದೂ ಮೂರೇ, ಆದ್ರೆ ಮುಕ್ಕೋನವಾಗಿ. ಅದಲುಬದಲು ಮಾಡಿದ್ರೆ ನಾನು ಸುಮ್ನಿರಲ್ಲ. ಅವಳ ಹಿಟ್ಟಿಗೆ ಉಪ್ಪೇ ಇರಲ್ಲ."

"ಆಗ್ಲಿ."

"ಇಷ್ಟೇನಾ? ನಿನಗಿಂತ ಆ ಒಲೆನೇ ಜಾಸ್ತಿ ಮಾತಾಡ್ತದೆ ಬಿಡು."

ಆಗ ಹಮ್ಮಾದಿಗೆ ಇಪ್ಪತ್ತೆಂಟು ವರ್ಷ. ಬೆಟ್ಟದ ಮೇಲಿನ ಹಳ್ಳಿಯವನು; ಮನೆಯಲ್ಲಿ ಆರು ಮಕ್ಕಳಲ್ಲಿ ಕೊನೆಯವನು. ಐವರು ಮಾತಾಡಿ ಮುಗಿಸುವ ಹೊತ್ತಿಗೆ ಆರನೆಯವನಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ ಎಂದು ಅವನ ಹೆಂಡತಿ ರಹ್ಮಾ ತಮಾಷೆ ಮಾಡುತ್ತಾಳೆ. ನಿಜ ಅಷ್ಟು ಸುಲಭದ್ದಲ್ಲ. ನಾಲ್ಕು ಜನ ಸೇರಿದ ಕಡೆ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಸಂತೆಗೆ ಕುರಿ ಹೊಡೆದುಕೊಂಡು ಹೋದರೆ ಕುರಿಗಳು ಮಾರಾಟವಾಗುವುದಕ್ಕಿಂತ ಮೊದಲೇ ಅವನು ದಣಿದಿರುತ್ತಿದ್ದ. ಊರಿಗೆ ಇಳಿದು ಬಂದು ಕಸುಬು ಹುಡುಕುವಾಗ ಒಲೆಯನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಒಲೆಯವನು ಜನರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಹಲಗೆ ಬರುತ್ತದೆ, ಹಲಗೆ ಹೋಗುತ್ತದೆ. ಉದ್ದ ಹಿಡಿಯ ಮರದ ಸಲಿಕೆಯಿಂದ ಹಿಟ್ಟನ್ನು ಒಳಗೆ ತಳ್ಳಿ, ಬೆಂದದ್ದನ್ನು ಹೊರಗೆ ಎಳೆದರೆ ಕೆಲಸ ಮುಗಿಯಿತು. ಮುನ್ನೂರು ರೊಟ್ಟಿಯಲ್ಲಿ ಯಾವುದು ಯಾರದೆಂದು ತಿಳಿದಿದ್ದರೆ ಸಾಕು, ಮಾತು ಬೇಕಿಲ್ಲ.

ಆದರೆ ಆ ಕಸುಬಿನಲ್ಲಿ ಇನ್ನೊಂದು ಗುಟ್ಟಿದೆ. ಓಣಿಯ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಒಲೆಯವನಿಗೆ ತಿಳಿದಷ್ಟು ಇಮಾಮರಿಗೂ ತಿಳಿದಿರುವುದಿಲ್ಲ. ಗೋಧಿ ಹಿಟ್ಟು ಹೋಗಿ ಬಾರ್ಲಿ ಬಂದರೆ ಆ ಮನೆಯಲ್ಲಿ ಕೆಲಸ ಹೋಗಿದೆ ಎಂದು ಅರ್ಥ. ಆರು ರೊಟ್ಟಿ ಇದ್ದದ್ದು ಹತ್ತಾದರೆ ನೆಂಟರು ಬಂದಿದ್ದಾರೆ. ಹಿಟ್ಟು ಹದವಾಗಿ ನಾದಿರದೆ ಗಂಟುಗಂಟಾಗಿ ಬಂದರೆ ಮನೆಯೊಡತಿ ಮಲಗಿದ್ದಾಳೆ, ಮಗಳು ನಾದಿದ್ದಾಳೆ. ಅದಕ್ಕೇ ಹಲಗೆಯ ಮೇಲೆ ಬಟ್ಟೆ ಹೊದಿಸುತ್ತಾರೆ. ಬಟ್ಟೆ ಎತ್ತುವ ಹಕ್ಕು ಒಲೆಯವನೊಬ್ಬನದೇ, ಎತ್ತಿ ಕಂಡದ್ದನ್ನು ಅವನು ಯಾರಿಗೂ ಹೇಳುವಂತಿಲ್ಲ. ಈ ಕಟ್ಟಳೆಯನ್ನು ಪಾಲಿಸಲು ಬೇರೆಯವರು ಕಷ್ಟಪಡುತ್ತಿದ್ದರೇನೋ, ಹಮ್ಮಾದಿಗೆ ಅದು ಹುಟ್ಟುಗುಣ. ಎರಡೇ ವರ್ಷದಲ್ಲಿ ಓಣಿಯವರು ಅವನನ್ನು ಹಳೆಯ ಮಾಲೆಮ್‌ಗಿಂತ ಹೆಚ್ಚು ನಂಬಿದರು.

ಅಂಥವನಿಗೆ ಬತೂಲ್ ಹುಟ್ಟಿದಳು.

ರಹ್ಮಾ ಊರಾಚೆ ಆಲಿವ್ ಕಾಯಿಯನ್ನು ಉಪ್ಪಿನಲ್ಲಿ ಹಾಕಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಐದಕ್ಕೆ ಬರುವುದು. ಈ ಕತೆಯ ಹೊತ್ತಿಗೆ ಮಗುವಿಗೆ ಐದು ವರ್ಷ. ಶಾಲೆಗೆ ಸೇರಿಸಲು ಇನ್ನೂ ಒಂದು ವರ್ಷ ಕಾಯಬೇಕಿತ್ತು. ಹಾಗಾಗಿ ಬತೂಲ್ ದಿನವಿಡೀ ಒಲೆಮನೆಯ ಬಾಗಿಲಲ್ಲಿ, ಬೋರಲು ಹಾಕಿದ ಟೊಮೆಟೊ ಪೆಟ್ಟಿಗೆಯ ಮೇಲೆ ಕುಳಿತಿರುತ್ತಿದ್ದಳು. ಅವಳು ಪಾದ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು.

"ಖದ್ದೂಜ್ ಅತ್ತೆ, ನಿಮ್ಮ ಹಲ್ಲು ಕೀಳಿಸಿದ್ರಾ? ತೋರ್ಸಿ! ಅಯ್ಯೋ, ಎಷ್ಟು ದೊಡ್ಡ ತೂತು!"

"ಅಂಚೆ ಮಾಮ, ಇವತ್ತು ನಮಗೆ ಕಾಗದ ಇದೆಯಾ? ಇಲ್ವಾ? ಹೋಗ್ಲಿ ಬಿಡಿ, ಕೂತ್ಕೊಂಡು ಹೋಗಿ."

ದರ್ಜಿ ಅಬ್ಬೂದ್‌ನದು ಗಡುಸು ಮುಖ. ಅವನನ್ನು ದೊಡ್ಡವರೂ ಮಾತಾಡಿಸಲು ಹಿಂಜರಿಯುತ್ತಿದ್ದರು. ಅವನೇ ಹಲಗೆ ಹೊತ್ತು ಬಂದ ದಿನ ಬತೂಲ್, "ನೀವ್ಯಾಕೆ ತಂದ್ರಿ? ಅತ್ತೆ ತವರಿಗೆ ಹೋದ್ರಾ? ಜಗಳ ಆಯ್ತಾ?" ಎಂದಳು. ಓಣಿ ನಕ್ಕಿತು. ಅಬ್ಬೂದ್ ಕೆಂಪಗಾದ. ಆದರೆ ಮರುದಿನವೇ ಹೋಗಿ ಹೆಂಡತಿಯನ್ನು ಕರೆತಂದ, ಬತೂಲ್‌ಗೆ ಒಂದು ಹಿಡಿ ಚೆರ್ರಿ ಹಣ್ಣು ತಂದುಕೊಟ್ಟ.

ಹೆಂಗಸರಿಗೆ ಅವಳೆಂದರೆ ಪ್ರಾಣ. "ಮಾಲೆಮ್, ಇವಳು ನಿಜವಾಗ್ಲೂ ನಿನ್ನ ಮಗಳೇನಾ? ಆಸ್ಪತ್ರೇಲಿ ಹಲಗೆ ಅದಲುಬದಲಾಗಿರ್ಬೇಕು, ಚುಚ್ಚು ನೋಡಿದ್ಯಾ?" ಎಂದು ಫದೀಲಾ ಕೆಣಕುತ್ತಿದ್ದಳು. ಹಮ್ಮಾದಿ ನಕ್ಕು ಒಲೆಯ ಕಡೆ ತಿರುಗುತ್ತಿದ್ದ.

ಅವನು ಮಗಳನ್ನು ಪ್ರೀತಿಸುತ್ತಿರಲಿಲ್ಲವೆಂದಲ್ಲ. ಅವಳು ಕಣ್ಣೆದುರಿಗೆ ಇಲ್ಲದಿದ್ದರೆ ಅವನ ಸಲಿಕೆ ತಪ್ಪು ಜಾಗಕ್ಕೆ ಹೋಗುತ್ತಿತ್ತು. ಆದರೆ ಮಧ್ಯಾಹ್ನವಾಗುವಷ್ಟರಲ್ಲಿ ಅವನ ತಲೆ, ಒಳಗೆ ಯಾರೋ ಬಡಿಯುತ್ತಿರುವ ತಾಮ್ರದ ಹಂಡೆಯಂತಾಗುತ್ತಿತ್ತು. ಜನ ಕೇಳುವ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಪಾರಾಗಬಹುದು. ಬತೂಲ್‌ಗೆ ಅದು ನಡೆಯುತ್ತಿರಲಿಲ್ಲ. ಬೆಂಕಿ ರಾತ್ರಿ ಎಲ್ಲಿಗೆ ಹೋಗ್ತದೆ? ರೊಟ್ಟಿಗೆ ಬಿಸಿ ಆಗಲ್ವಾ? ನೀನು ಚಿಕ್ಕವನಿದ್ದಾಗ ನಿನ್ನ ಗೆಳೆಯನ ಹೆಸರೇನು? ಯಾಕೆ ಇರ್ಲಿಲ್ಲ?

ಕೆಲವೊಮ್ಮೆ ಅವನು ಹಿಂದಿನ ಕೋಣೆಗೆ ಹೋಗಿ, ಸೌದೆಯ ರಾಶಿಯ ಮರೆಯಲ್ಲಿ, ಉರಿಸಲು ತಂದ ಆಲಿವ್ ಹಿಂಡಿಯ ಚೀಲಗಳ ನಡುವೆ ಸುಮ್ಮನೆ ನಿಲ್ಲುತ್ತಿದ್ದ. ಅರ್ಧ ನಿಮಿಷ ಕಳೆಯುವುದರಲ್ಲಿ ಪುಟ್ಟ ಹೆಜ್ಜೆಯ ಸದ್ದು.

"ಅಪ್ಪಾ, ಕತ್ತಲಲ್ಲಿ ಯಾಕೆ ನಿಂತಿದೀಯಾ?"

"ಸೌದೆ ಎಣಿಸ್ತಿದೀನಿ."

"ನಾನೂ ಎಣಿಸ್ತೀನಿ! ಜೋರಾಗಿ ಎಣಿಸೋಣ! ಒಂದು, ಎರಡು..."

ಆಮೇಲೆ ಅವನಿಗೆ ನಾಚಿಕೆಯಾಗುತ್ತಿತ್ತು. ಹೆತ್ತ ಮಗಳಿಂದ ಅಡಗಿ ನಿಲ್ಲುವ ಅಪ್ಪ ಎಂಥ ಅಪ್ಪ? ಇದನ್ನು ಅವನು ರಹ್ಮಾಳಿಗೂ ಹೇಳಿರಲಿಲ್ಲ.

ಇಷ್ಟರಲ್ಲಿ ಲಲ್ಲಾ ತಾಮುವಿನ ಹಲಗೆ ಸಣ್ಣದಾಗಿತ್ತು. ಅವರು ನಿಲುವಂಗಿಗೆ ರೇಷ್ಮೆ ದಾರದ ಗುಂಡಿ ಕಟ್ಟುವವರು. ಸೂಜಿಯೊಂದರಿಂದಲೇ ಗಂಟು ಹಾಕಿ ಹಾಕಿ ಕಡಲೆಕಾಳಿನಷ್ಟು ಗುಂಡಿ ಮಾಡುವ ಆ ಕೆಲಸ ಸೆಫ್ರೂವಿನ ಹೆಂಗಸರಿಗೆ ತಾಯಿಯಿಂದ ಮಗಳಿಗೆ ಬಂದದ್ದು. ಎಪ್ಪತ್ತು ದಾಟಿದ ಮೇಲೆ ಕಣ್ಣಿಗೆ ಪೊರೆ ಬಂದು ಕೆಲಸ ಕಮ್ಮಿಯಾಯಿತು. ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನಾಲ್ಕು ರೊಟ್ಟಿ ಮೂರಾಯಿತು, ಎರಡಾಯಿತು. ಆ ಎರಡೂ ಅಂಗೈ ಅಗಲಕ್ಕೆ ಇಳಿದವು. ಕೆಂಪು ಗೆರೆಯ ಬಟ್ಟೆಯನ್ನು ಮಾತ್ರ ಮೊದಲಿನಂತೆಯೇ ಒಗೆದು ಹೊದಿಸಿರುತ್ತಿದ್ದರು.

ಅನುಕೂಲಸ್ಥ ಮನೆಗಳವರು ತಮ್ಮ ಹಲಗೆಯಿಂದ ಒಂದೊಂದು ರೊಟ್ಟಿಯನ್ನು ಒಲೆಯವನ ಪಾಲೆಂದು ಬಿಡುವುದು ಆ ಓಣಿಯ ರೂಢಿ. ಹಮ್ಮಾದಿ ಆ ಪಾಲಿನ ರೊಟ್ಟಿಯೊಂದನ್ನು ತಾಮುವಿನ ಬಟ್ಟೆಯ ಕೆಳಗೆ ಇಡತೊಡಗಿದ. ಎರಡು ತಂದವರು ಮೂರು ಒಯ್ಯುತ್ತಿದ್ದರು. ಮೊದಲ ದಿನ ಹಲಗೆ ಎತ್ತಿದಾಗ ತಾಮು ಒಂದು ಗಳಿಗೆ ನಿಂತರು. ಕಣ್ಣು ಮಂಜಾಗಿದ್ದರೂ ಕೈಗೆ ತೂಕ ತಿಳಿಯುತ್ತದೆ. ಅವರು ಏನೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಎಂಟು ತಿಂಗಳು ಹೀಗೆ ನಡೆಯಿತು. ತನ್ನ ಮೌನ ಜಗತ್ತಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಇಲ್ಲಿಯೇ ಎಂದು ಹಮ್ಮಾದಿ ಅಂದುಕೊಂಡಿದ್ದ.

ರಂಜಾನಿನ ಕೊನೆಯ ವಾರ ಒಲೆಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರೊಟ್ಟಿಯ ಜೊತೆಗೆ ಹಬ್ಬದ ಬಾದಾಮಿ ಬಿಸ್ಕತ್ತಿನ ತಟ್ಟೆಗಳೂ ಬರುತ್ತವೆ. ಅವತ್ತು ಮಧ್ಯಾಹ್ನ ಹನ್ನೆರಡು ಹದಿಮೂರು ಹೆಂಗಸರು ನಿಂತಿದ್ದರು. ಉಪವಾಸದ ಹೊಟ್ಟೆ, ಒಲೆಯ ಸೆಕೆ, ಎಲ್ಲರಿಗೂ ಸಿಡಿಮಿಡಿ. ಫದೀಲಾ ತನ್ನ ಹಲಗೆಯನ್ನು ಎರಡು ಸಲ ಎಣಿಸಿದಳು.

"ಮಾಲೆಮ್, ಒಂದು ರೊಟ್ಟಿ ಕಮ್ಮಿ ಇದೆ."

ಹಮ್ಮಾದಿ ಒಲೆಯೊಳಗೆ ಇಣುಕಿ ಇಲ್ಲವೆಂದು ತಲೆಯಾಡಿಸಿದ.

"ಹಂಗಾದ್ರೆ ಎಲ್ಲಿ ಹೋಯ್ತು? ಅದಕ್ಕೇನು ಕಾಲು ಬಂತಾ? ನಿನ್ನ ಪಾಲು ಬೇಕಿದ್ರೆ ಕೇಳಿ ತಗೋ, ನಾನೇನು ಬೇಡ ಅಂತೀನಾ?"

ಬತೂಲ್ ಪೆಟ್ಟಿಗೆಯ ಮೇಲೆ ಎದ್ದು ನಿಂತಳು. "ನಮ್ಮಪ್ಪ ಕಳ್ಳ ಅಲ್ಲ! ನಮ್ಮಪ್ಪ ತಮ್ಮ ಪಾಲಿನ ರೊಟ್ಟಿನೂ ತಿನ್ನಲ್ಲ, ತಾಮು ಅಜ್ಜಿ ಹಲಗೆ ಮೇಲೆ ಇಡ್ತಾರೆ. ದಿನಾ ಇಡ್ತಾರೆ. ನಾನೇ ನೋಡಿದೀನಿ. ಈಗ್ಲೂ ಇಟ್ಟಿದಾರೆ, ಬಟ್ಟೆ ತೆಗ್ದು ನೋಡಿ!"

ಲಲ್ಲಾ ತಾಮು ಗೋಡೆಗೆ ಒರಗಿ ಹಲಗೆ ಹಿಡಿದು ನಿಂತಿದ್ದರು. ಎಲ್ಲರೂ ಆ ಕಡೆ ನೋಡಿದರು, ಮರುಗಳಿಗೆ ಎಲ್ಲರೂ ಬೇರೆ ಕಡೆ ನೋಡಿದರು. ತಾಮು ಬಟ್ಟೆಯ ಕೆಳಗೆ ಕೈ ಹಾಕಿ, ಮೂರರಲ್ಲಿ ದೊಡ್ಡದನ್ನು ಮುಟ್ಟಿ ತಿಳಿದುಕೊಂಡು, ಹೊರತೆಗೆದು ಒಲೆಯ ಕಟ್ಟೆಯ ಮೇಲೆ ಇಟ್ಟರು. ಬಟ್ಟೆಯನ್ನು ಸರಿಮಾಡಿಕೊಂಡು ಹೊರಟುಹೋದರು. ಫದೀಲಾಳ ರೊಟ್ಟಿ ಖದ್ದೂಜ್‌ಳ ತಟ್ಟೆಯ ಅಡಿಯಲ್ಲಿ ಸಿಕ್ಕಿತು. ಅವಳು ಅದನ್ನು ಹಲಗೆಗೆ ಹಾಕಿಕೊಂಡು ಹೊರಟಳು.

ಮರುದಿನ ತಾಮು ಬರಲಿಲ್ಲ. ಹಬ್ಬ ಬಂದು ಹೋಯಿತು; ಬರಲಿಲ್ಲ. "ಬಿಸ್ಕತ್ತು ಕೊಡೋಣ ಅಂತ ಹೋದೆ, ಬಾಗಿಲೇ ತೆಗೀಲಿಲ್ಲ," ಎಂದಳು ಫದೀಲಾ. "ಒಳಗೆ ಕೆಮ್ಮೋದು ಕೇಳಿಸ್ತು. ಏನು ತಿಂತಿದಾರೋ ದೇವರೇ ಬಲ್ಲ. ಯಾರ ಕೈಯಿಂದ್ಲೂ ಏನೂ ತಗೊಳ್ತಿಲ್ಲ." ಬೇರೆ ಬದಲಾವಣೆಗಳೂ ಹಮ್ಮಾದಿಯ ಕಣ್ಣಿಗೆ ಬಿದ್ದವು. ಹೆಂಗಸರು ಹಲಗೆಯ ಬಟ್ಟೆಯನ್ನು ಮೂಲೆಗೆ ಗಂಟು ಹಾಕಿ ತರತೊಡಗಿದರು. ಬತೂಲ್ ಹತ್ತಿರ ಬಂದರೆ ಹಲಗೆಯನ್ನು ಇನ್ನೊಂದು ಪಕ್ಕಕ್ಕೆ ಬದಲಾಯಿಸುತ್ತಿದ್ದರು. ಎರಡು ಮನೆಯವರು ಬಸ್ ನಿಲ್ದಾಣದ ಹತ್ತಿರದ ಬೇಕರಿಯಲ್ಲಿ ರೊಟ್ಟಿ ಕೊಳ್ಳಲು ಶುರುಮಾಡಿದರು.

ಹಮ್ಮಾದಿ ಮಗಳಿಗೆ ಗದರಿದ. "ಇಲ್ಲಿ ಕಂಡದ್ದು ಯಾರಿಗೂ ಹೇಳಬಾರ್ದು. ಬಾಯಿ ಮುಚ್ಕೊಂಡು ಕೂತ್ಕೋ."

ಅವಳು ಅರ್ಧ ಬೆಳಗು ಬಾಯಿ ಮುಚ್ಚಿ ಕುಳಿತಳು. ಬಂದವರಿಗೆಲ್ಲ ಕೈಸನ್ನೆಯಲ್ಲೇ ಕುಶಲ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ, "ಅಪ್ಪಾ, ಒಂದೇ ಒಂದು ಕೇಳ್ಲಾ? ತಾಮು ಅಜ್ಜಿ ಯಾಕೆ ಬರ್ತಿಲ್ಲ?" ಎಂದಳು.

"ನೀನು ಹಾಗೆ ಹೇಳಿದ್ದಕ್ಕೆ ಅವರಿಗೆ ಬೇಜಾರಾಗಿದೆ."

"ಆದ್ರೆ ಅದು ನಿಜ ತಾನೆ?"

ಅವನು ಸಲಿಕೆ ಎತ್ತಿಕೊಂಡು ಒಲೆಯ ಕಡೆ ತಿರುಗಿದ.

ಸಂಜೆ ಊಟದ ತಟ್ಟೆಯ ಮುಂದೆ ರಹ್ಮಾ ಎಲ್ಲವನ್ನೂ ಕೇಳಿಸಿಕೊಂಡಳು. "ಅವಳಿಗೆ ಬೈದು ಏನು ಬಂತು? ನಿನ್ನ ಪಾಲಿನ ಮಾತನ್ನೂ ಅವಳೇ ಹೊತ್ಕೊಂಡು ಹುಟ್ಟಿದಾಳೆ. ಹೋಗಿ ಆ ಮುದುಕಿ ಹತ್ರ ಮಾತಾಡು."

"ನೀನು ಹೋಗು. ನಿನಗೆ ಮಾತು ಬರ್ತದೆ."

"ರೊಟ್ಟಿ ಇಟ್ಟಿದ್ದು ನಾನಾ? ನೀನೇ ಹೋಗ್ಬೇಕು. ಏನು, ಅವರು ನಿನ್ನ ಕಚ್ಚಿಬಿಡ್ತಾರಾ? ಇರೋದೇ ಆರು ಹಲ್ಲು."

ಹೋಗಲು ಅವನಿಗೆ ಇನ್ನೂ ಮೂರು ದಿನ ಬೇಕಾಯಿತು. ತಾಮುವಿನ ಮನೆಗೆ ಒಲೆಮನೆಯಿಂದ ನಲವತ್ತು ಹೆಜ್ಜೆ. ಒಲೆ ನಡೆಸಿದ ಹದಿಮೂರು ವರ್ಷದಲ್ಲಿ ಅವನು ಒಂದು ದಿನವೂ ಆ ಕಡೆ ಹೋಗಿರಲಿಲ್ಲ. ಮೂರು ದಿನವೂ ಒಲೆಯ ಮುಂದೆ ನಿಂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದ: ಮಗು ತಿಳಿಯದೆ ಆಡಿತು, ಕ್ಷಮಿಸಿ, ನಾಳೆಯಿಂದ ಬನ್ನಿ. ನಾಲ್ಕನೆಯ ದಿನ ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ ಕೈತೊಳೆದು ಹೊರಟ. ಬತೂಲ್ ಅವನ ಅಂಗಿ ಹಿಡಿದುಕೊಂಡಳು. ಬೇಡವೆನ್ನಲು ಅವನಿಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ, ಒಬ್ಬನೇ ಹೋಗಲು ಧೈರ್ಯವಿರಲಿಲ್ಲ.

ಬಾಗಿಲು ತಟ್ಟಿದ.

"ಯಾರದು?"

ಹಮ್ಮಾದಿ ಮಗಳ ಕಡೆ ನೋಡಿದ. ಬತೂಲ್ ಕೂಗಿದಳು: "ನಾವು, ಒಲೆಮನೆಯವರು!"

"ರೊಟ್ಟಿ ಬೇಡ ಅಂತ ಹೇಳು."

"ರೊಟ್ಟಿ ತಂದಿಲ್ಲ ಅಜ್ಜಿ. ಅಪ್ಪನ್ನ ತಂದಿದೀನಿ."

ಒಳಗೆ ಹೆಜ್ಜೆ ಎಳೆಯುವ ಸದ್ದಾಯಿತು. ಆಮೇಲೆ ಅಗುಳಿ ಸರಿಯಿತು.

ಒಂದೇ ಕೋಣೆ. ಕಿಟಕಿಯ ಬಳಿ ದಾರದ ಉಂಡೆಗಳು, ಅರ್ಧಕ್ಕೆ ನಿಂತ ಗುಂಡಿಗಳ ಒಂದು ಸಾಲು. ತಾಮು ಇಳಿದುಹೋಗಿದ್ದರು. ಆದರೂ ಬಂದವರನ್ನು ಹಾಗೇ ಕಳಿಸುವಂತಿಲ್ಲ. ಚಹಾಕ್ಕೆ ನೀರಿಟ್ಟರು, ಡಬ್ಬಿಯ ತಳದ ಸಕ್ಕರೆಯನ್ನು ಪೂರ್ತಿ ಸುರಿದರು. ಹಮ್ಮಾದಿ ಲೋಟ ಹಿಡಿದು ಕುಳಿತ. ಬತೂಲ್ ದಾರದ ಉಂಡೆಗಳ ಮುಂದೆ ಹೋಗಿ ಕುಳಿತಳು.

"ಅಜ್ಜಿ, ಕಣ್ಣು ನೋಯ್ತದಾ?"

"ನೋಯಲ್ಲ ಕಂದ. ಹೊಗೆ ಕವಿದ ಹಾಗೆ ಕಾಣ್ತದೆ."

"ನಾನು ಕಾಣ್ತೀನಾ?"

"ನೀನು ಕಾಣೋಕಿಂತ ಮೊದ್ಲು ಕೇಳಿಸ್ತೀಯಾ."

ಹಮ್ಮಾದಿ ಲೋಟದಿಂದ ತಲೆಯೆತ್ತಿದ. "ಲಲ್ಲಾ, ಮಗು ತಿಳೀದೆ..."

"ಮಗೂನ ಮಧ್ಯಕ್ಕೆ ತರ್ಬೇಡ," ಎಂದು ತಾಮು ತಡೆದರು. "ಮಗು ಸುಳ್ಳು ಹೇಳಿಲ್ಲ. ಎಂಟು ತಿಂಗಳು ಸುಳ್ಳು ನಡೆಸಿದ್ದು ನೀನು, ನಾನು. ನೀನು ಇಟ್ಟಿಲ್ಲ ಅನ್ನೋ ಹಾಗೆ ನೀನಿದ್ದೆ, ನಾನು ತಗೊಂಡಿಲ್ಲ ಅನ್ನೋ ಹಾಗೆ ನಾನಿದ್ದೆ. ಬಾಯಿಬಿಟ್ಟು ಹೇಳೋರು ಇಲ್ಲದಷ್ಟು ದಿನ ಅದು ರೊಟ್ಟಿ. ಹೇಳಿದ ದಿನ ಭಿಕ್ಷೆ ಆಯ್ತು."

"ಭಿಕ್ಷೆ ಅಂತ ಇಟ್ಟಿಲ್ಲ."

"ಮತ್ತೆ ಏನಂತ ಇಟ್ಟೆ? ಹದಿಮೂರು ವರ್ಷ ನನ್ನ ಹಿಟ್ಟು ನೋಡಿದೀಯಾ. ಹೇಗಿದೀಯಾ ತಾಮು, ಕಣ್ಣಿಗೆ ಏನಾಯ್ತು ಅಂತ ಒಂದು ದಿನ ಕೇಳಿದ್ಯಾ? ಈ ಪುಟ್ಟಿ ಬಂದು ಕೂತು ಎರಡು ನಿಮಿಷ ಆಗಿಲ್ಲ, ಕೇಳಿದ್ಲು. ನಿನ್ನ ರೊಟ್ಟಿ ತಿಂದೆನಪ್ಪ, ಆದ್ರೆ ಅದನ್ನ ಕೊಟ್ಟೋನು ಎಂಥೋನು ಅಂತಾನೇ ನನಗೆ ಗೊತ್ತಾಗ್ಲಿಲ್ಲ."

ಆ ಮಾತು ಅವನಿಗೆ ಸರಿಯಾಗಿಯೇ ತಾಕಿತು. ಯಾವುದನ್ನು ಅವನು ಇಷ್ಟು ದಿನ ಮರ್ಯಾದೆ ಎಂದುಕೊಂಡಿದ್ದನೋ ಅದರಲ್ಲಿ ಅರ್ಧ ಹೆದರಿಕೆಯೇ ಇತ್ತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಹೋದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ, ತಾಮು ಒಳಗೇ ಸೊರಗಿ ಹೋಗುತ್ತಾರೆ. ಕಟ್ಟಿ ತಂದ ಮಾತು ಕೆಲಸಕ್ಕೆ ಬರುವಂತಿರಲಿಲ್ಲ. ಬೇರೆ ಮಾತು ಅವನಲ್ಲಿ ಒಂದೇ ಇತ್ತು. ಯಾರಿಗೂ ಹೇಳದೇ ಇಟ್ಟುಕೊಂಡಿದ್ದು.

"ಲಲ್ಲಾ, ನನಗೆ ಜನ ಆಗಲ್ಲ," ಎಂದ. ದನಿ ತೀರ ಸಣ್ಣದಾಗಿತ್ತು. "ಚಿಕ್ಕಂದಿನಿಂದ್ಲೂ ಹಾಗೇ. ಮಧ್ಯಾಹ್ನ ಆಗೋ ಹೊತ್ತಿಗೆ ನನಗೆ ಸಾಕಾಗಿಹೋಗ್ತದೆ. ಈ ನನ್ನ ಮಗಳ ಮಾತೂ... ಅದೂ ತಡೆಯಕ್ಕಾಗಲ್ಲ. ಸೌದೆ ಹಿಂದೆ ಹೋಗಿ ಬಚ್ಚಿಟ್ಕೋತೀನಿ. ಅಪ್ಪ ಆದೋನು ಹೀಗೆ ಮಾಡ್ಬಾರ್ದು. ಆದ್ರೂ ಮಾಡ್ತೀನಿ."

ಬತೂಲ್ ತಲೆಯೆತ್ತಿದಳು. "ಸೌದೆ ಎಣಿಸ್ತಿರ್ಲಿಲ್ವಾ?"

"ಇಲ್ಲ ಪುಟ್ಟ."

"ನಾನು ಎಣಿಸ್ತಿದ್ದೆ," ಎಂದಳು ಅವಳು, ಸ್ವಲ್ಪ ಯೋಚಿಸಿ. ಮತ್ತೆ ದಾರದ ಕಡೆ ತಿರುಗಿದಳು.

ತಾಮು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವಷ್ಟು. "ಇಷ್ಟಕ್ಕೇನಾ ಇಷ್ಟು ಮುಖ ಸಣ್ಣ ಮಾಡ್ಕೊಂಡಿರೋದು? ನಮ್ಮಮ್ಮ ಒಂಬತ್ತು ಮಕ್ಕಳನ್ನ ಹೆತ್ತು, ದಿನಾ ಒಂದು ಗಂಟೆ ಮಾಳಿಗೆ ಹತ್ತಿ ಏಣಿ ಮೇಲಕ್ಕೆ ಎಳ್ಕೊಳ್ತಿದ್ಲು. ಯಾರೂ ಅವಳಿಗೆ ಕೆಟ್ಟ ತಾಯಿ ಅನ್ಲಿಲ್ಲ. ನಿನಗೆ ಏಣಿ ಇಲ್ಲ, ಅಷ್ಟೇ."

ಹಮ್ಮಾದಿ ಚಹಾದ ಲೋಟವನ್ನು ಕೆಳಗಿಟ್ಟ. ಮುಂದಿನ ಮಾತು ಅವನು ಯೋಚಿಸಿ ಆಡಿದ್ದಲ್ಲ. "ಹಾಗಾದ್ರೆ ಇವಳನ್ನ ನೀವೇ ಇಟ್ಕೊಳ್ಳಿ. ಮಧ್ಯಾಹ್ನ ಎರಡು ಗಂಟೆ ಹೊತ್ತು. ನಿಮಗೆ ಸೂಜಿಗೆ ದಾರ ಪೋಣಿಸಿ ಕೊಡ್ತಾಳೆ. ಮಾತಂತೂ ಧಾರಾಳ."

"ಬಿಟ್ಟಿ ನೋಡ್ಕೊಳ್ಳೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಬಿಟ್ಟಿ ಅಲ್ಲ. ದಿನಕ್ಕೆ ಎರಡು ರೊಟ್ಟಿ."

"ಮೂರು," ಎಂದರು ತಾಮು. "ಇವಳು ಸಾಮಾನ್ಯದ ಮಗು ಅಲ್ಲ, ಉತ್ತರ ಕೊಟ್ಟೂ ಕೊಟ್ಟೂ ನನ್ನ ಗಂಟಲು ಒಣಗ್ತದೆ. ಆಲಿವ್ ಕಾಯಿನೂ ಬೇಕು. ನಿನ್ನ ಹೆಂಡ್ತಿ ಕಾರ್ಖಾನೆಯಿಂದ ತರ್ತಾಳಲ್ಲ. ಮತ್ತೆ, ಬಟ್ಟೆ ಕೆಳಗೆ ಬಚ್ಚಿಟ್ಟು ಕೊಡೋದಲ್ಲ. ಎಲ್ಲರ ಮುಂದೆ, ತಾಮು, ನಿನ್ನ ಕೂಲಿ ತಗೋ ಅಂತ ಹೇಳಿ ಕೊಡ್ಬೇಕು."

"ಎಲ್ಲರ ಮುಂದೆ?"

"ಎಲ್ಲರ ಮುಂದೆ. ಜೋರಾಗಿ."

ಮರುದಿನ ಬೆಳಿಗ್ಗೆ ಒಲೆಮನೆ ತುಂಬಿದ್ದಾಗ ತಾಮು ಬಂದರು. ಹಮ್ಮಾದಿ ಕುಳಿಯಿಂದ ಮೇಲೆ ಹತ್ತಿ ಬಂದ. ಅದನ್ನು ಕಂಡೇ ಹೆಂಗಸರು ಮಾತು ನಿಲ್ಲಿಸಿದರು. ಕಿವಿ ಕೆಂಪಗಾಗಿ, ಹಣೆಯಲ್ಲಿ ಬೆವರು ಮೂಡಿ, ಅವನು ಮೂರು ರೊಟ್ಟಿಯನ್ನು ಚಾಚಿ, "ಲಲ್ಲಾ ತಾಮು, ಮಗೂನ ನೋಡ್ಕೊಳ್ಳೋದಕ್ಕೆ ನಿಮ್ಮ ಕೂಲಿ," ಎಂದ.

"ಕೇಳಿಸ್ಲಿಲ್ಲ," ಎಂದರು ತಾಮು.

ಅವನು ಇನ್ನೊಮ್ಮೆ ಹೇಳಿದ. ಆಗ ತೆಗೆದುಕೊಂಡರು.

"ಮಾಲೆಮ್‌ಗೆ ದನಿ ಇದೆ ಕಣ್ರೇ! ಹದಿಮೂರು ವರ್ಷ ಎಲ್ಲಿ ಅಡಗಿಸಿಟ್ಟಿದ್ದ?" ಎಂದಳು ಫದೀಲಾ. ಅವನು ಉತ್ತರ ಕೊಡದೆ ಕುಳಿಗೆ ಇಳಿದ.

ಬತೂಲ್‌ಗೆ ಗುಟ್ಟು ಕಾಯುವುದನ್ನು ಕಲಿಸಿದ್ದು ತಾಮು. ಜನರ ಹತ್ತಿರ ಏನು ಬೇಕಾದರೂ ಕೇಳು, ಆದರೆ ಕೇಳಿದ್ದನ್ನು ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋಗಬೇಡ, ಅಷ್ಟೇ ಪಾಠ. ಅವಳು ಅದನ್ನು ಹತ್ತರಲ್ಲಿ ಏಳು ಸಲ ಪಾಲಿಸುತ್ತಾಳೆ. ಹಲಗೆಗಳ ಗಂಟು ಒಂದೊಂದಾಗಿ ಬಿಚ್ಚಿತು. ಬೇಕರಿಗೆ ಹೋದ ಎರಡು ಮನೆಯಲ್ಲಿ ಒಂದು ಹಿಂದಿರುಗಿತು, ಇನ್ನೊಂದು ಹಿಂದಿರುಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ತಾಮುವಿನ ಬಲಗಣ್ಣಿನ ಪೊರೆ ತೆಗೆಸಲು ಚೀಟಿ ಬರೆಸಿದ್ದು ರಹ್ಮಾ. ಆ ಚೀಟಿ ಹಿಡಿದು ಬೆಳಗಿನಿಂದ ಸಾಲಿನಲ್ಲಿ ನಿಂತದ್ದು ಹಮ್ಮಾದಿ. ಅಲ್ಲಿದ್ದವರಲ್ಲಿ ಯಾರೊಡನೆಯೂ ಅವನು ಮಾತಾಡಲಿಲ್ಲ. ಜೊತೆಗಿದ್ದ ಬತೂಲ್ ಎಲ್ಲರೊಡನೆ ಮಾತಾಡಿದಳು.

ಈಗ ಬತೂಲ್‌ಗೆ ಏಳು ವರ್ಷ. ಬೆಳಿಗ್ಗೆ ಶಾಲೆಗೆ ಹೋಗುತ್ತಾಳೆ, ಮಧ್ಯಾಹ್ನ ತಾಮುವಿನ ಮನೆಯಲ್ಲಿ ಗುಂಡಿ ಕಟ್ಟುವುದನ್ನು ಕಲಿಯುತ್ತಾಳೆ. ಹಮ್ಮಾದಿ ಅದೇ ಒಲೆ ನಡೆಸುತ್ತಾನೆ. ಹಲಗೆ ಇಳಿಸುವ ಪ್ರತಿಯೊಬ್ಬರನ್ನೂ ತಲೆಯೆತ್ತಿ ನೋಡಿ, "ಹೇಗಿದೀರಿ?" ಎಂದು ಒಂದು ಸಲ ಕೇಳುತ್ತಾನೆ, ಉತ್ತರ ಮುಗಿಯುವವರೆಗೆ ಸಲಿಕೆ ಎತ್ತುವುದಿಲ್ಲ. ಒಂದರಿಂದ ಮೂರರವರೆಗೆ ಒಲೆಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕೂರುತ್ತಾನೆ. ಮೂರಕ್ಕೆ ಹೋಗಿ ಮಗಳನ್ನು ಕರೆತರುತ್ತಾನೆ.